ಕಪಾಟೇ ಎದ್ದು ಬಂದರೆ

(ನೆಲಮಂಗಲದ ಹತ್ತಿರ ಔಷಧಿ ಸಗಟು ಗೋದಾಮು ನಡೆಸುವ ಒಬ್ಬರು, ಗೋದಾಮಿನ ರೋಬೋಗಳ ವಿನ್ಯಾಸದಲ್ಲಿ ಕೆಲಸ ಮಾಡುವ ಅವರ ಅಕ್ಕನ ಮಗಳು. ರೋಬೋ ಮಾರುವವನೊಬ್ಬ ಕೊಟೇಶನ್ ಕೊಟ್ಟು ಹೋದ ಮೇಲೆ ನಡೆದ ಮಾತು.)

ಮಾವ: ಬಂದವನು ಒಂದು ವಿಡಿಯೊ ತೋರಿಸಿದ ಕಣೇ. ಕಿತ್ತಳೆ ಬಣ್ಣದ ಪೆಟ್ಟಿಗೆಗಳು ಸಾಲುಸಾಲಾಗಿ ಓಡಾಡ್ತವೆ, ಒಂದಕ್ಕೊಂದು ತಾಗೋದೇ ಇಲ್ಲ. ‘ಸಾರ್, ನಿಮ್ಮ ಪಿಕಿಂಗ್ ಪೂರ್ತಿ ರೋಬೋನೇ ಮಾಡುತ್ತೆ’ ಅಂದ. ಕೊಟೇಶನ್ನೂ ಇಟ್ಟು ಹೋಗಿದಾನೆ. ನಿನ್ನ ಒಂದು ಮಾತು ಕೇಳಿ ಆಮೇಲೆ ನೋಡೋಣ ಅಂತ ಹಾಗೇ ಇಟ್ಟಿದೀನಿ.

ಸೊಸೆ: ಆ ವಿಡಿಯೊದಲ್ಲಿ ರೋಬೋ ಒಂದಾದರೂ ಮಾತ್ರೆ ಡಬ್ಬಿ ಕೈಗೆತ್ತಿಕೊಂಡಿದ್ದು ನೋಡಿದ್ರಾ ಮಾವ?

ಮಾವ: ಇಲ್ಲ... ಇಡೀ ಕಪಾಟನ್ನೇ ಹೊತ್ಕೊಂಡು ಹೋಗ್ತಿತ್ತು. ಕೊನೇಲಿ ಒಬ್ಬ ಹುಡುಗಿ ನಿಂತಿದ್ದಳು, ಅವಳು ತೆಗೆದು ಟ್ರೇಗೆ ಹಾಕ್ತಿದ್ದಳು.

ಸೊಸೆ: ಹಾಗಾದ್ರೆ ಪಿಕಿಂಗ್, ಅಂದ್ರೆ ಆರಿಸಿ ತೆಗೆಯೋ ಕೆಲಸ, ಮಾಡಿದ್ದು ಆ ಹುಡುಗಿ. ರೋಬೋ ಅವಳ ನಡಿಗೆ ಉಳಿಸಿತು, ಅಷ್ಟೇ. ಮಾರೋಕೆ ಬಂದವನು ಇವೆರಡನ್ನೂ ಒಂದೇ ಮಾಡಿ ಹೇಳಿದಾನೆ.

ಮಾವ: ನಡಿಗೆ ಉಳಿಸೋಕೆ ಇಷ್ಟು ದುಡ್ಡೇ?

ಸೊಸೆ: ನಿಮ್ಮ ಹುಡುಗರನ್ನ ಒಂದು ಬೆಳಿಗ್ಗೆ ಸುಮ್ಮನೆ ನಿಂತು ನೋಡಿ. ಇಂಡೆಂಟ್ ಬಂತು, ಪಿಕ್ ಲಿಸ್ಟ್ ಪ್ರಿಂಟ್ ಆಯ್ತು, ಟ್ರಾಲಿ ತಳ್ಕೊಂಡು ಹೊರಟ. ಕೈ ಹಾಕಿ ಡಬ್ಬಿ ತೆಗೆಯೋದು ಎರಡು ಮೂರು ಸೆಕೆಂಡಿನ ಕೆಲಸ. ಆ ಡಬ್ಬಿ ಹತ್ತಿರ ಹೋಗೋಕೆ ಎಷ್ಟು ಹೊತ್ತು? ಗೋದಾಮಿನ ಪಠ್ಯಪುಸ್ತಕಗಳಲ್ಲಿ ಒಂದು ಹಳೇ ಲೆಕ್ಕ ಇದೆ. ಪಿಕರ್‌ನ ಸಮಯದಲ್ಲಿ ಶೇ. 50 ನಡಿಗೆ, ಶೇ. 20 ಹುಡುಕಾಟ, ಕೈಯಲ್ಲಿ ತೆಗೆಯೋದು ಶೇ. 15 ಮಾತ್ರ. ಉಳಿದದ್ದು ಟ್ರೇ ಜೋಡಿಸೋದು, ಕಾಗದ ನೋಡೋದು. ಗೋದಾಮು ನಡೆಸೋ ಖರ್ಚಿನಲ್ಲಿ ಅರ್ಧದಷ್ಟು ಈ ಪಿಕಿಂಗ್‌ಗೇ ಹೋಗುತ್ತೆ ಅಂತಲೂ ಅದೇ ಪುಸ್ತಕಗಳು ಹೇಳ್ತವೆ. ಅಂದ್ರೆ ಸಂಬಳದ ದೊಡ್ಡ ಭಾಗ ಕಾಲಿಗೆ ಕೊಡ್ತಾ ಇದೀರಿ.

ಮಾವ: ಅದನ್ನ ಮೊದಲು ಕಂಡುಕೊಂಡವನು ಯಾರು? ನಮ್ಮಪ್ಪ ಆಗಿದ್ರೆ ‘ಬೇಗ ನಡೀರೋ’ ಅಂತ ಗದರಿಸಿ ಸುಮ್ಮನಾಗ್ತಿದ್ದರು.

ಸೊಸೆ: ಮಿಕ್ ಮೌಂಟ್ಜ್ ಅಂತ ಒಬ್ಬರು, ಅಮೆರಿಕದವರು. ವೆಬ್‌ವ್ಯಾನ್ ಅನ್ನೋ ಕಂಪನಿಯಲ್ಲಿದ್ರು. ಮನೆ ಬಾಗಿಲಿಗೆ ದಿನಸಿ ತಲುಪಿಸೋ ಕಂಪನಿ ಅದು. 2001ರಲ್ಲಿ ದಿವಾಳಿ ಆಯ್ತು. ಬೇರೆ ಕಾರಣಗಳ ಜೊತೆಗೆ, ಒಂದೊಂದು ಆರ್ಡರನ್ನೂ ಆರಿಸಿ ಕಟ್ಟೋ ಖರ್ಚೂ ಅದನ್ನ ನುಂಗಿತು. ಮೌಂಟ್ಜ್ ಆ ಪ್ರಶ್ನೆಯನ್ನ ಬಿಡಲಿಲ್ಲ. 2003ರಲ್ಲಿ ಕಿವಾ ಸಿಸ್ಟಮ್ಸ್ ಶುರು ಮಾಡಿದ್ರು. ಪೀಟರ್ ವರ್ಮನ್, ರಫಾಯೆಲೊ ಡಿ'ಆಂಡ್ರಿಯ ಅನ್ನೋ ಇಬ್ಬರು ಪ್ರಾಧ್ಯಾಪಕರು ಜೊತೆಗೆ ಬಂದ್ರು. ಎಲ್ಲರೂ ‘ಡಬ್ಬಿ ಎತ್ತೋ ಕೈ ಮಾಡೋದು ಹೇಗೆ’ ಅಂತ ತಲೆ ಕೆಡಿಸ್ಕೊಂಡಿದ್ದಾಗ ಇವರು ಕಪಾಟನ್ನೇ ಮನುಷ್ಯನ ಮುಂದೆ ತಂದು ನಿಲ್ಲಿಸಿದ್ರು. ಕೈ ಕೆಲಸವನ್ನ ಬೇಕಂತಲೇ ಬಿಟ್ಟುಕೊಟ್ರು. ನಾವು ಡ್ರಾಯಿಂಗ್ ಹಾಳೆ ಮೇಲೆ ಎಳೆಯೋ ಮೊದಲ ಗೆರೆ ಇದೇ ಮಾವ: ಈಚೆ ಕಡೆ ಯಂತ್ರ, ಆಚೆ ಕಡೆ ಮನುಷ್ಯ. ಚಕ್ರ, ಮೋಟಾರು, ಸೆನ್ಸರ್ ಎಲ್ಲ ಅದರ ನಂತರ. ನನ್ನ ಕೇಳಿದ್ರೆ, ಒಂದು ರೋಬೋ ಒಳ್ಳೇದೋ ಕೆಟ್ಟದ್ದೋ ಅಂತ ಆ ಗೆರೆ ನೋಡಿಯೇ ಹೇಳಬಹುದು.

ಮಾವ: ಸರಿ, ಕಪಾಟು ಎತ್ತೋದಾದ್ರೂ ಸುಲಭವೇ? ನನ್ನ ಸಿರಪ್ ರ‍್ಯಾಕ್ ಒಂದನ್ನ ನಾಲ್ಕು ಜನ ಸೇರಿದ್ರೂ ಅಲ್ಲಾಡಿಸೋಕೆ ಆಗಲ್ಲ.

ಸೊಸೆ: ಅಲ್ಲೇ ನೋಡಿ ಜಾಣತನ ಇರೋದು. ಕಿವಾ ರೋಬೋ ಮೊಣಕಾಲಿಗಿಂತ ಎತ್ತರ ಇಲ್ಲ. ಕಪಾಟು ನಾಲ್ಕು ಕಾಲಿನ ಮೇಲೆ ನಿಂತಿರುತ್ತೆ, ರೋಬೋ ಅದರ ಅಡಿಗೆ ನುಸುಳುತ್ತೆ. ಮೇಲೆತ್ತೋಕೆ ಹೈಡ್ರಾಲಿಕ್ ಜಾಕ್ ಗೀಕ್ ಏನೂ ಇಲ್ಲ. ನಮ್ಮ ಕಾಲೇಜು ಲ್ಯಾಬಿನಲ್ಲಿ ಸ್ಕ್ರೂ ಸ್ಟೂಲ್ ಇರ್ತಿತ್ತು, ಸೀಟು ತಿರುಗಿಸಿದ್ರೆ ಮೇಲೆ ಬರೋದು, ಹಾಗೆ. ರೋಬೋ ನಿಂತಲ್ಲೇ ತನ್ನ ಸುತ್ತ ತಿರುಗುತ್ತೆ. ಮೇಲಿನ ತಟ್ಟೆ ಮಾತ್ರ ಕಪಾಟಿಗೆ ಅಂಟಿಕೊಂಡು ತಿರುಗದೆ ಇರುತ್ತೆ. ನಡುವಿನ ಸ್ಕ್ರೂ ಬಿಚ್ಚಿಕೊಳ್ತಾ ತಟ್ಟೆ ಮೇಲೇಳುತ್ತೆ, ಕಪಾಟಿನ ಕಾಲು ನೆಲ ಬಿಡುತ್ತೆ. ಚಿಕ್ಕ ಮಾದರಿಯೇ ಸುಮಾರು 450 ಕೆಜಿ ಎತ್ತೋದು. ನಡೆಯೋಕೆ ಬೇಕಾದ ಅದೇ ತಿರುಗೋ ಶಕ್ತಿಯಲ್ಲಿ ಎತ್ತೋ ಕೆಲಸವನ್ನೂ ಮುಗಿಸಿದ್ರು.

ಮಾವ: ದಾರಿ?

ಸೊಸೆ: ನೆಲದ ಮೇಲೆ ಸುಮಾರು ಮೀಟರಿಗೊಂದು ಚೌಕುಳಿ ಕೋಡು, ಫೋನ್‌ನಲ್ಲಿ ದುಡ್ಡು ಕಳಿಸೋಕೆ ಸ್ಕ್ಯಾನ್ ಮಾಡ್ತೀರಲ್ಲ ಅದರ ಜಾತಿಯದ್ದು. ಕೆಳಗೆ ನೋಡೋ ಒಂದು ಕ್ಯಾಮೆರಾ ಅದನ್ನ ಓದಿ ‘ನಾನೆಲ್ಲಿದೀನಿ’ ಅಂತ ತಿಳ್ಕೊಳ್ಳುತ್ತೆ. ಮೇಲೆ ನೋಡೋ ಇನ್ನೊಂದು, ಯಾವ ಕಪಾಟಿನ ಕೆಳಗಿದೀನಿ ಅಂತ ಓದುತ್ತೆ. ಎರಡು ಕೋಡಿನ ನಡುವೆ ಚಕ್ರ ಎಷ್ಟು ಸುತ್ತು ಹೊಡೀತು ಅನ್ನೋ ಲೆಕ್ಕದ ಮೇಲೇ ನಡೆಯೋದು. ಸುತ್ತ ಬೇಲಿ, ಒಳಗೆ ಮನುಷ್ಯರು ಹೋಗೋ ಹಾಗಿಲ್ಲ. ಮನುಷ್ಯನೇ ಇಲ್ಲದ ಜಾಗ ಆದ್ರಿಂದ ದುಬಾರಿ ಸೆನ್ಸರ್ ಹೆಚ್ಚು ಬೇಕಾಗಲಿಲ್ಲ, ರೋಬೋ ಅಗ್ಗವಾಯ್ತು.

ಮಾವ: ಎಂಜಿನಿಯರಿಂಗ್ ಅಂದ್ರೆ ಏನೋ ದೊಡ್ಡ ಗಣಿತ ಅಂದ್ಕೊಂಡಿದ್ದೆ.

ಸೊಸೆ: ಗಣಿತ ನೀವೇ ಮಾಡಬಹುದು. ಕಪಾಟು 450 ಕೆಜಿ, ರೋಬೋ 150 ಅಂತ ಇಟ್ಕೊಳ್ಳಿ, ಒಟ್ಟು 600. ಪಾಲಿಯುರೆಥೇನ್ ಹೊದಿಸಿದ ಚಕ್ರ ಒಳ್ಳೇ ಕಾಂಕ್ರೀಟ್ ಮೇಲೆ ಉರುಳೋಕೆ ತೂಕದ ಶೇ. 2ರಷ್ಟು ಬಲ ಸಾಕು, ಅಂದ್ರೆ 12 ಕೆಜಿ ತಳ್ಳಿದಷ್ಟು. ನಿಂತಲ್ಲಿಂದ ಹೊರಟು ವೇಗ ಹಿಡಿಯೋಕೆ ಇನ್ನೊಂದು 30 ಕೆಜಿ. ಸೆಕೆಂಡಿಗೆ 1.3 ಮೀಟರ್ ವೇಗಕ್ಕೆ ಇದನ್ನೆಲ್ಲ ಕೂಡಿಸಿದ್ರೆ ಮುಕ್ಕಾಲು ಹಾರ್ಸ್‌ಪವರ್ ಕೂಡ ಮುಟ್ಟಲ್ಲ. ಅದೂ ವೇಗ ಹಿಡಿಯೋ ಹೊತ್ತಿನಲ್ಲಿ ಮಾತ್ರ.

ಮಾವ: ಅಷ್ಟೇನಾ? ನಮ್ಮ ಮನೆ ಸಂಪಿನ ಪಂಪಿನಷ್ಟು!

ಸೊಸೆ: ಶಕ್ತಿಗೆ ಬರ ಇಲ್ಲ. ಪೇಚಾಟ ಎಲ್ಲಾ ನಿಲ್ಲೋದ್ರಲ್ಲಿ ಮತ್ತು ನೆಲದಲ್ಲಿ. ನಿಲ್ಲೋದು ಹೇಳ್ತೀನಿ. ಮೋಟಾರು, ಬ್ರೇಕು ಗಟ್ಟಿ ಇದೆ ಅಂತ ಗಕ್ಕನೆ ನಿಲ್ಲಿಸಿದ್ರೆ ಮೇಲಿನ ಅರೆಯಲ್ಲಿರೋ ಸಿರಪ್ ಬಾಟಲಿ ಮುಂದಕ್ಕೆ ಹಾರುತ್ತೆ. ಎತ್ತರದ ಕಪಾಟು ತೂಗಾಡೋಕೆ ಶುರುವಾದ್ರೆ, ರೋಬೋ ನಿಂತ ಮೇಲೂ ಅದು ತೂಗ್ತಾನೇ ಇರುತ್ತೆ. ಆದ್ದರಿಂದ ಬ್ರೇಕಿನ ಮಿತಿ ನಿರ್ಧಾರ ಮಾಡೋದು ಕಪಾಟು. ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಇಳಿಸ್ತಾ ಬಂದ್ರೆ, 1.3 ಮೀಟರ್ ವೇಗದಲ್ಲಿರೋದು ನಿಲ್ಲೋಕೆ 85 ಸೆಂಟಿಮೀಟರ್ ಬೇಕು. ಸೆನ್ಸರ್ ಕಂಡು ಬ್ರೇಕಿಗೆ ಹೇಳೋ ಹೊತ್ತಿಗೆ ಕಾಲು ಮೀಟರ್ ಹೋಗಿರುತ್ತೆ. ಒಟ್ಟು 1.1 ಮೀಟರ್. ವೇಗ ಅರ್ಧ ಮಾಡಿದ್ರೆ ಅದೇ ದೂರ ಸುಮಾರು 35 ಸೆಂಟಿಮೀಟರಿಗೆ ಇಳಿಯುತ್ತೆ. ತಿರುವಿನಲ್ಲಿ, ಬಾಗಿಲ ಹತ್ತಿರ ರೋಬೋ ಮೆಲ್ಲಗೆ ಹೋಗೋದು ಇದಕ್ಕೇ. ನೋಡೋರಿಗೆ ಸೋಮಾರಿ ಯಂತ್ರ ಅನ್ನಿಸುತ್ತೆ.

ಮಾವ: ನೆಲಕ್ಕೇನಾಗಿದೆ? ನಾನು ಟ್ರೈಮಿಕ್ಸ್ ಕಾಂಕ್ರೀಟ್ ಹಾಕಿಸಿದೀನಿ.

ಸೊಸೆ: ಯಾವ ವರ್ಷ ಹಾಕಿಸಿದ್ರಿ, ಈಗ ಹೇಗಿದೆ ಅನ್ನೋದು ಮುಖ್ಯ. ಮಧ್ಯದಲ್ಲಿ ಎರಡು ಓಡಿಸೋ ಚಕ್ರ, ನಾಲ್ಕು ಮೂಲೆಗೆ ನಾಲ್ಕು ಕ್ಯಾಸ್ಟರ್, ಅಂದ್ರೆ ಎತ್ತ ಬೇಕಾದ್ರೂ ತಿರುಗೋ ಚಿಕ್ಕ ಚಕ್ರ, ಇದು ನಮ್ಮ ಸಾಮಾನ್ಯ ನಕ್ಷೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಿದ್ರೆ ರೋಬೋ ತಿರುಗುತ್ತೆ, ಸ್ಟೀರಿಂಗ್ ಬೇಡ. ಆದ್ರೆ ಆರು ಚಕ್ರ ಅಂದ್ರೆ ಆರು ಕಾಲು. ನೆಲದಲ್ಲಿ ಸ್ವಲ್ಪ ತಗ್ಗು ಬಂದ್ರೂ ನಾಲ್ಕು ಕ್ಯಾಸ್ಟರ್ ದಡದ ಮೇಲೆ ನಿಂತು, ಓಡಿಸೋ ಚಕ್ರ ಗಾಳೀಲಿ ತಿರುಗುತ್ತೆ. ಇನ್ನೂ ಕೆಟ್ಟದ್ದು ಅಂದ್ರೆ, ಚಕ್ರ ತಿರುಗಿದ ಲೆಕ್ಕ ಮಾತ್ರ ಜಮಾ ಆಗ್ತಾ ಇರುತ್ತೆ. ರೋಬೋ ತಾನು ಮುಂದೆ ಹೋದೆ ಅಂದ್ಕೊಳ್ಳುತ್ತೆ, ನಿಂತಿರೋದು ಅಲ್ಲೇ. ಅದಕ್ಕೇ ಓಡಿಸೋ ಚಕ್ರಗಳನ್ನ ಸ್ಪ್ರಿಂಗಿನ ತೋಳಿನ ಮೇಲೆ ಕೂರಿಸಿ ಯಾವಾಗಲೂ ನೆಲಕ್ಕೆ ಒತ್ತೋ ಹಾಗೆ ಮಾಡ್ತೀವಿ. ಸ್ಪ್ರಿಂಗ್ ಮೆತ್ತಗಾದ್ರೆ ಚಕ್ರ ಜಾರುತ್ತೆ. ಬಿಗಿ ಆದ್ರೆ, ಹೊರೆ ಇಲ್ಲದಾಗ ರೋಬೋದ ಮೈಯೇ ಮೇಲೆದ್ದು ಕ್ಯಾಸ್ಟರ್ ನೆಲ ಬಿಡುತ್ತೆ. ಖಾಲಿ ಇದ್ದಾಗ 150, ಹೊತ್ತಾಗ 600. ಎರಡಕ್ಕೂ ಒಪ್ಪೋ ಒಂದು ಸ್ಪ್ರಿಂಗ್ ಆರಿಸೋದ್ರಲ್ಲಿ ಎಷ್ಟು ವಾದ ನಡೆಯುತ್ತೆ ಅಂತ ನೀವು ನಮ್ಮ ಮೀಟಿಂಗಿಗೆ ಬಂದು ನೋಡಬೇಕು.

ಮಾವ: ನೆಲದ ಮೇಲೆ ಬರೀ ತಗ್ಗೇ ಅಲ್ಲವಲ್ಲ. ನಮ್ಮಲ್ಲಿ ಪಾರ್ಸೆಲ್ ಬಿಚ್ಚಿದ ಮೇಲೆ ಹಗ್ಗ, ಪ್ಲಾಸ್ಟಿಕ್, ಟೇಪು, ಏನೆಲ್ಲ ಬಿದ್ದಿರುತ್ತೆ.

ಸೊಸೆ: ನಿಮಗೆ ನಮ್ಮ ಸೈಟ್ ಎಂಜಿನಿಯರ್ ಕೆಲಸ ಕೊಡಬಹುದು. ಪ್ಯಾಲೆಟ್‌ಗೆ ಸುತ್ತೋ ಸ್ಟ್ರೆಚ್ ಫಿಲ್ಮ್ ಇದೆಯಲ್ಲ, ತೆಳ್ಳಗೆ, ಪಾರದರ್ಶಕ. ಅದರ ಒಂದು ತುಂಡು ಕ್ಯಾಸ್ಟರಿನ ಅಚ್ಚಿಗೆ ಸುತ್ತಿಕೊಂಡ್ರೆ ಮುಗೀತು. ಮೊದಲು ಒಂದು ಪದರ, ಆಮೇಲೆ ಅದರ ಮೇಲೆ ಧೂಳು, ಕೂದಲು, ಇನ್ನೊಂದು ಪದರ, ಕೊನೆಗೆ ಗಟ್ಟಿ ಉಂಡೆ. ಆ ಚಕ್ರ ಉರುಳೋ ಬದಲು ಎಳೆದುಕೊಂಡು ಹೋಗುತ್ತೆ, ರೋಬೋ ಒಂದು ಕಡೆಗೆ ವಾಲುತ್ತೆ, ಸಾಫ್ಟ್‌ವೇರಿನವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕ್ತಾ ಕೂರ್ತಾರೆ. ಕತ್ತರಿ ತಂದು ಫಿಲ್ಮ್ ಕತ್ತರಿಸಿದ್ರೆ ಸರಿಹೋಗುತ್ತೆ. ಕ್ಯಾಸ್ಟರನ್ನ ಎರಡೇ ಬೋಲ್ಟ್ ಬಿಚ್ಚಿ ಹೊರಗೆ ತೆಗೆಯೋ ಹಾಗೆ ವಿನ್ಯಾಸ ಮಾಡಿದವರ ಮೇಲೆ ನನಗೆ ಬಹಳ ಗೌರವ.

ಮಾವ: ಆ ಕಿತ್ತಳೆ ಬಣ್ಣದ್ದು, ಕಿವಾ, ಇವನು ತಂದಿರೋದು ಅದೇನಾ?

ಸೊಸೆ: ಆಗಲಿಕ್ಕಿಲ್ಲ. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಇಡೀ ಕಿವಾ ಕಂಪನಿಯನ್ನೇ ಕೊಂಡುಕೊಂಡಿತು. ಆಮೇಲೆ ಹೊರಗಿನವರಿಗೆ ಮಾರೋದನ್ನ ನಿಲ್ಲಿಸಿಬಿಟ್ಟಿತು. ಅದನ್ನೇ ನಂಬಿಕೊಂಡಿದ್ದವರು ಬೀದಿಗೆ ಬಿದ್ರು. ಮ್ಯಾಸಚುಸೆಟ್ಸ್‌ನ ಕ್ವಯಟ್ ಲಾಜಿಸ್ಟಿಕ್ಸ್ ಅಂತ ಒಂದು ಗೋದಾಮು ಕಂಪನಿ, ‘ಇನ್ನು ಯಾರನ್ನೂ ನಂಬೋದು ಬೇಡ’ ಅಂತ ತಾನೇ ರೋಬೋ ಮಾಡೋಕೆ ಹೊರಟಿತು, ಅದು ಲೋಕಸ್ ರೋಬೋಟಿಕ್ಸ್ ಆಯ್ತು. ನಮ್ಮ ದೇಶದಲ್ಲಿ 2011ರಲ್ಲಿ ಶುರುವಾದ ಗ್ರೇ ಆರೆಂಜ್, ನೋಯ್ಡಾದ ಆಡ್‌ವರ್ಬ್ ಇವೆಲ್ಲ ಬೆಳೆದಿದ್ದೂ ಆ ಖಾಲಿ ಜಾಗದಲ್ಲೇ. ಬೆಂಗಳೂರಲ್ಲಿ ಫ್ಲಿಪ್‌ಕಾರ್ಟ್ 2019ರಲ್ಲಿ ರೋಬೋ ಇಟ್ಟಿದ್ದು ಸುದ್ದಿ ಆಗಿತ್ತು ನೋಡಿ, ಅವು ಪಾರ್ಸೆಲ್‌ಗಳನ್ನ ಪಿನ್‌ಕೋಡ್ ಪ್ರಕಾರ ವಿಂಗಡಿಸೋವು, ಪಿಕಿಂಗ್‌ನವಲ್ಲ.

ಮಾವ: ಲೋಕಸ್‌ನವರದ್ದೂ ಕಪಾಟು ಹೊರುತ್ತಾ?

ಸೊಸೆ: ಇಲ್ಲ. ಅವರು ಗೆರೆಯನ್ನ ಬೇರೆ ಕಡೆ ಎಳೆದ್ರು. ಕಪಾಟು ಇದ್ದಲ್ಲೇ ಇರಲಿ, ಮನುಷ್ಯ ಒಳಗೇ ಇರಲಿ, ಟ್ರಾಲಿ ತಳ್ಳೋ ಕೆಲಸ ಮಾತ್ರ ರೋಬೋದ್ದು. ರೋಬೋ ತಾನೇ ಹೋಗಿ ರ‍್ಯಾಕ್ ಮುಂದೆ ನಿಲ್ಲುತ್ತೆ. ಹತ್ತಿರದಲ್ಲಿರೋ ಹುಡುಗ ಬಂದು ಪರದೆ ನೋಡಿ ಡಬ್ಬಿ ತೆಗೆದು ಹಾಕ್ತಾನೆ, ರೋಬೋ ಮುಂದಿನ ರ‍್ಯಾಕ್‌ಗೆ ಹೊರಡುತ್ತೆ. ಹುಡುಗ ತನ್ನ ಎರಡು ಮೂರು ಸಾಲಿನಲ್ಲೇ ಇರ್ತಾನೆ. ತುಂಬಿದ ಟ್ರೇ ತಗೊಂಡು ಪ್ಯಾಕಿಂಗ್ ಟೇಬಲ್ಲಿಗೆ ಹೋಗಿ ಬರೋ ಉದ್ದ ನಡಿಗೆ ತಪ್ಪುತ್ತೆ. ಕಟ್ಟಡದಲ್ಲಿ ಏನೂ ಬದಲಾಯಿಸಬೇಕಾಗಿಲ್ಲ, ಬೇಲಿಯೂ ಇಲ್ಲ.

ಮಾವ: ಬೇಲಿ ಇಲ್ಲ ಅಂದ್ರೆ ಹುಡುಗರ ಕಾಲ ಮೇಲೆ ಹತ್ತಿದ್ರೆ?

ಸೊಸೆ: ಬೇಲಿ ತೆಗೆದ ತಕ್ಷಣ ರೋಬೋದ ಬೆಲೆ ಏರೋದು ಇದಕ್ಕೇ. ನೆಲದಿಂದ ಒಂದು ಗೇಣು ಮೇಲೆ ಸುರಕ್ಷತಾ ಲೇಸರ್ ಸ್ಕ್ಯಾನರ್ ಇರುತ್ತೆ. ಮುಂದೆ ಎರಡು ವಲಯ: ಹೊರಗಿನದಕ್ಕೆ ಯಾರಾದ್ರೂ ಬಂದ್ರೆ ವೇಗ ಇಳಿಸು, ಒಳಗಿನದಕ್ಕೆ ಬಂದ್ರೆ ನಿಲ್ಲು. ವೇಗ ಹೆಚ್ಚಿದಂತೆ ವಲಯವೂ ಉದ್ದ ಆಗುತ್ತೆ, ಆಗಲೇ ಹೇಳಿದ 1.1 ಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರೋದು. ಈ ಸ್ಕ್ಯಾನರು ಬ್ರೇಕಿಗೆ ನೇರವಾಗಿ ತಂತಿ ಹಾಕಿಕೊಂಡಿರುತ್ತೆ, ದಾರಿ ಹುಡುಕೋ ಕಂಪ್ಯೂಟರ್‌ನ ಅಪ್ಪಣೆಗೆ ಕಾಯಲ್ಲ. ಕಂಪ್ಯೂಟರ್ ಹ್ಯಾಂಗ್ ಆದ್ರೂ ರೋಬೋ ನಿಲ್ಲಬೇಕು. ಚಾಲಕನಿಲ್ಲದ ಕೈಗಾರಿಕಾ ವಾಹನಗಳಿಗೆ ಐಎಸ್‌ಒ 3691-4 ಅಂತ ಮಾನದಂಡ ಇದೆ. ಆ ಕೊಟೇಶನ್‌ನಲ್ಲಿ ಅದರ ಹೆಸರಿದೆಯಾ ನೋಡಿ.

ಮಾವ: (ಕನ್ನಡಕ ಹಾಕಿಕೊಂಡು) ‘ವಿಶ್ವದರ್ಜೆಯ ಕೃತಕ ಬುದ್ಧಿಮತ್ತೆ’ ಅಂತಿದೆ. ನೀನು ಹೇಳಿದ್ದು ಇಲ್ಲ.

ಸೊಸೆ: ಅದೊಂದು ಉತ್ತರ ಆಯ್ತು. ಇನ್ನೊಂದು ಕೇಳಿ. ಆ ಲೇಸರ್ ಒಂದೇ ಎತ್ತರದಲ್ಲಿ ಹಾಳೆ ಹಾಸಿದ ಹಾಗೆ ನೋಡುತ್ತೆ. ಮನುಷ್ಯನ ಕಾಲು ಕಾಣುತ್ತೆ. ಸೊಂಟದ ಎತ್ತರಕ್ಕೆ ಎತ್ತಿ ನಿಲ್ಲಿಸಿದ ಫೋರ್ಕ್‌ಲಿಫ್ಟಿನ ಮುಳ್ಳು ಕಾಣಲ್ಲ, ಟೇಬಲ್ಲಿನ ಕಾಲು ಕಾಣುತ್ತೆ, ಹಲಗೆ ಕಾಣಲ್ಲ. ಅದಕ್ಕೆ ಮೇಲೊಂದು ಆಳ ನೋಡೋ ಕ್ಯಾಮೆರಾ ಬೇಕು. ಇದಿಲ್ಲದ ರೋಬೋವನ್ನ ಫೋರ್ಕ್‌ಲಿಫ್ಟ್ ಓಡಾಡೋ ಜಾಗದಲ್ಲಿ ಬಿಡಬಾರದು.

ಮಾವ: ನೆಲದ ಮೇಲೆ ಕೋಡು ಇಲ್ಲದೆ ಈ ರೋಬೋಗೆ ದಾರಿ ಗೊತ್ತಾಗೋದು ಹೇಗೆ?

ಸೊಸೆ: ಮೊದಲ ದಿನ ಗೋದಾಮೆಲ್ಲ ಸುತ್ತಾಡಿಸಿ ಲೇಸರಿನಿಂದ ನಕ್ಷೆ ಮಾಡ್ಕೊಳ್ತೀವಿ. ಆಮೇಲೆ ಪ್ರತಿ ಕ್ಷಣ ‘ಈಗ ಕಾಣ್ತಿರೋದು ನಕ್ಷೆಯ ಯಾವ ಜಾಗಕ್ಕೆ ಹೊಂದುತ್ತೆ’ ಅಂತ ನೂರಾರು ಊಹೆಗಳನ್ನ ತೂಗ್ತಾ ಇರುತ್ತೆ. ಹೊಂದದ ಊಹೆ ಬಿಡ್ತಾ, ಹೊಂದೋದನ್ನ ಉಳಿಸ್ತಾ ಹೋಗುತ್ತೆ. ಗೋಡೆ, ಕಂಬ ಇದ್ದ ಕಡೆ ಚೆನ್ನಾಗಿ ನಡೆಯುತ್ತೆ. ಆದ್ರೆ ಗೋದಾಮಿನಲ್ಲಿ ಎಲ್ಲಾ ಸಾಲೂ ಒಂದೇ ಥರ. ನಿನ್ನೆ ಇದ್ದ ಪ್ಯಾಲೆಟ್ ರಾಶಿ ಇವತ್ತಿಲ್ಲ. ನಕ್ಷೆ ಮಾಡಿದ ದಿನ ಸ್ಟಾಕ್ ತುಂಬಿತ್ತು, ಮಾರ್ಚ್ ಕೊನೇಲಿ ಖಾಲಿ. ಹೊಳೆಯೋ ಫಿಲ್ಮ್ ಮೇಲೆ ಲೇಸರ್ ಎಲ್ಲಿಗೋ ಚದುರುತ್ತೆ. ಲೋಡಿಂಗ್ ಬಾಗಿಲಲ್ಲಿ ಸಂಜೆ ಬಿಸಿಲು ನೇರ ಬಿದ್ರೆ ಕ್ಯಾಮೆರಾ ಕುರುಡಾಗುತ್ತೆ. ಡೆಮೊಗೆ ಬೆಳಿಗ್ಗೆ ಹನ್ನೊಂದಕ್ಕೆ ಬರ್ತೀನಿ ಅಂದ್ರೆ, ‘ಸಂಜೆ ಐದಕ್ಕೆ ಬನ್ನಪ್ಪಾ’ ಅನ್ನಿ.

ಮಾವ: ಹತ್ತಾರು ರೋಬೋ ಒಟ್ಟಿಗೆ ಇದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ ಆಗಲ್ವಾ?

ಸೊಸೆ: ಆಗುತ್ತೆ. ಎದುರುಬದುರು ಎರಡು ನಿಂತು ‘ನೀನು ಹಿಂದೆ ಹೋಗು’ ಅಂತ ಕಾಯ್ತಾ ಇಡೀ ಸಾಲು ಕಟ್ಟಿಕೊಳ್ಳುತ್ತೆ. ಒಂದೊಂದು ಸಾಲಿಗೂ ಒಮ್ಮುಖ ಸಂಚಾರ, ಮುಂದಿನ ಕೆಲವು ಚೌಕಗಳನ್ನ ಮೊದಲೇ ಕಾದಿರಿಸೋದು, ಇಂಥ ನಿಯಮಗಳಲ್ಲಿ ಬಿಡಿಸ್ತಾರೆ. ಅಮೆಜಾನ್ ಬಳಿ 2025ಕ್ಕೆ ಹತ್ತು ಲಕ್ಷ ರೋಬೋ ಆದವು. ಅಷ್ಟರ ಸಂಚಾರಕ್ಕೆ ಅವರು ಬೇರೆಯದೇ ಕೃತಕ ಬುದ್ಧಿಮತ್ತೆಯ ಮಾದರಿ ಮಾಡ್ಕೊಂಡಿದಾರೆ. ನಿಮ್ಮ ಎರಡು ಮೂರು ರೋಬೋಗೆ ಆ ತಲೆನೋವಿಲ್ಲ. ನೀವು ಹೆದರಬೇಕಾದ್ದು ಚಾರ್ಜಿಂಗ್‌ಗೆ.

ಮಾವ: ಯಾಕೆ, ಕರೆಂಟು ಹೋಗುತ್ತೆ ಅಂತಲಾ?

ಸೊಸೆ: ಬೆಂಕಿ ಮಾವ. 2019ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಆಂಡೋವರ್‌ನಲ್ಲಿ ಒಕಾಡೊ ಕಂಪನಿಯ ಗೋದಾಮು ಸುಟ್ಟುಹೋಯ್ತು. ಚಾರ್ಜಿಂಗ್ ಘಟಕದಲ್ಲಿ ದೋಷ, ಅದರಿಂದ ಒಂದು ರೋಬೋದ ಪ್ಲಾಸ್ಟಿಕ್ ಮುಚ್ಚಳ ಹೊತ್ತಿಕೊಂಡಿತ್ತು. 2021ರ ಜುಲೈಯಲ್ಲಿ ಅದೇ ಕಂಪನಿಯ ಎರಿತ್ ಗೋದಾಮಿನಲ್ಲಿ ಮೂರು ರೋಬೋ ಡಿಕ್ಕಿ ಹೊಡೆದು ಮತ್ತೆ ಬೆಂಕಿ. ನಿಮ್ಮಲ್ಲಿ ಸ್ಪಿರಿಟ್, ಸ್ಯಾನಿಟೈಸರ್, ರಟ್ಟಿನ ರಾಶಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿನೇ ಬೇಕು ಅನ್ನಿ, ಬೇರೆ ಲಿಥಿಯಂ ಜಾತಿಗಳಿಗಿಂತ ಅದು ಬಿಸಿ ತಡ್ಕೊಳ್ಳುತ್ತೆ. ಚಾರ್ಜರ್ ಜಾಗ ರ‍್ಯಾಕ್‌ಗಳಿಂದ ದೂರ ಇರಲಿ.

ಮಾವ: ಇಷ್ಟೆಲ್ಲ ಮಾಡೋ ಬದಲು ಕೈ ಇರೋ ರೋಬೋನೇ ಮಾಡಿಬಿಡಬಹುದಿತ್ತಲ್ಲ? ಹಾಡು ಬರೆಯೋ ಕಂಪ್ಯೂಟರ್ ಬಂದಿದೆ, ಡಬ್ಬಿ ಎತ್ತೋಕೇನು ಕಷ್ಟ?

ಸೊಸೆ: 2015ರಲ್ಲಿ ಅಮೆಜಾನ್ ಅದಕ್ಕೇ ಒಂದು ಸ್ಪರ್ಧೆ ಇಟ್ಟಿತು, ಸಿಯಾಟಲ್‌ನಲ್ಲಿ. ಕಪಾಟಿನ ಗೂಡುಗಳಿಂದ 12 ವಸ್ತು ತೆಗೀಬೇಕು, 20 ನಿಮಿಷ. ಗೆದ್ದಿದ್ದು ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ, 10 ತೆಗೆದ್ರು. ಎರಡನೇ ಸ್ಥಾನ ಬಂದವರು ಎಂಐಟಿಯವರು. ಬೆರಳಿನ ಆಸೆ ಬಿಟ್ಟು, ವ್ಯಾಕ್ಯೂಮ್ ಕ್ಲೀನರ್‌ನ ಹೀರೋ ಕೊಳವೆಯನ್ನ ತೋಳಿನ ತುದಿಗೆ ಕಟ್ಟಿದ್ದೇ ಬರ್ಲಿನ್‌ನವರ ಗೆಲುವಿಗೆ ದೊಡ್ಡ ಕಾರಣ. ಮುಂದಿನ ವರ್ಷ ಲೈಪ್‌ಜಿಗ್‌ನಲ್ಲಿ ಡೆಲ್ಫ್ಟ್‌ನವರು, 2017ರಲ್ಲಿ ನಗೋಯಾದಲ್ಲಿ ಆಸ್ಟ್ರೇಲಿಯಾದವರು ಗೆದ್ರು. ಆಮೇಲೆ ಬಹಳ ಮುಂದುವರಿದಿದೆ. ಬೆಂಗಳೂರಲ್ಲೇ ಸಿನ್‌ಲರ್ ಅನ್ನೋ ಕಂಪನಿ ಈ ವಸ್ತು ನೋಡಿ ಕೈಗೆತ್ತಿಕೊಳ್ಳೋ ಸಮಸ್ಯೆಯನ್ನೇ ಹಿಡಿದು ಕೂತಿದೆ. ಆದ್ರೆ ನಿಮ್ಮ ಗೋದಾಮಿಗೆ ಬನ್ನಿ. ರಬ್ಬರ್ ಬ್ಯಾಂಡ್ ಹಾಕಿದ ಹತ್ತು ಸ್ಟ್ರಿಪ್‌ನಿಂದ ಮೂರು ಎಳೀಬೇಕು. ಒಂದೇ ಡಬ್ಬಿ, ಎರಡು ಬ್ಯಾಚ್, ಮೊದಲು ಎಕ್ಸ್‌ಪೈರಿ ಆಗೋದು ಮೊದಲು ಹೋಗಬೇಕು, ಆ ತಾರೀಖು ಡಬ್ಬಿಯ ಮಡಚಿದ ಅಂಚಿನಲ್ಲಿ ಅರ್ಧ ಅಳಿಸಿರುತ್ತೆ. ನಿಮ್ಮ ಹುಡುಗ ಹೆಬ್ಬೆರಳಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು ಓದ್ತಾನೆ. ಆ ಎರಡು ಸೆಕೆಂಡನ್ನ ಯಂತ್ರಕ್ಕೆ ಕಲಿಸೋಕೆ ನನ್ನ ಬಳಿ ಸದ್ಯಕ್ಕೆ ಉತ್ತರ ಇಲ್ಲ.

ಮಾವ: ಹಾಗಾದ್ರೆ ಹುಡುಗರ ಕೆಲಸ ಉಳೀತು ಅನ್ನು. ನಡಿಗೆ ತಪ್ಪಿ ಅವರಿಗೂ ಆರಾಮ.

ಸೊಸೆ: ಎಲ್ಲರೂ ಹಾಗೇ ಅಂದ್ಕೊಂಡ್ರು. ಅಮೆಜಾನ್‌ನಲ್ಲಿ ನಡೆಯೋವಾಗ ಗಂಟೆಗೆ ಸುಮಾರು 100 ವಸ್ತು ತೆಗೀತಿದ್ದವರು, ಕಪಾಟು ಮುಂದೆ ಬರೋ ಹಾಗಾದ ಮೇಲೆ 300, 400 ತೆಗೀಬೇಕಾಯ್ತು. ಒಂದೇ ಜಾಗ, ಅದೇ ಬಾಗು, ಅದೇ ಚಾಚು, ಹತ್ತು ಗಂಟೆ. ರೋಬೋ ಇರೋ ಗೋದಾಮುಗಳಲ್ಲಿ ಗಂಭೀರ ಗಾಯಗಳ ಪ್ರಮಾಣ ರೋಬೋ ಇಲ್ಲದ ಕಡೆಗಿಂತ ಹೆಚ್ಚು ಅಂತ ಅಮೆರಿಕದ ತನಿಖಾ ಪತ್ರಕರ್ತರು ಅಮೆಜಾನ್‌ನ ಒಳ ದಾಖಲೆಗಳನ್ನ ಇಟ್ಟುಕೊಂಡು 2020ರಲ್ಲಿ ಬರೆದ್ರು. ಕಂಪನಿ ಅದನ್ನ ಒಪ್ಪಲಿಲ್ಲ. ನಾನು ಆ ವರದಿ ಓದಿ ನಮ್ಮದೇ ಡ್ರಾಯಿಂಗ್ ತೆಗೆದು ನೋಡಿದೆ. ರೋಬೋಗೆ ನೂರು ಪುಟ ಇದೆ: ಬ್ಯಾಟರಿ ಎಷ್ಟು ಬಿಸಿ ಆಗಬಹುದು, ಮೋಟಾರು ಎಷ್ಟು ಹೊತ್ತು ಪೂರ್ತಿ ಹೊರೆಯಲ್ಲಿ ಓಡಬಹುದು, ಯಾವಾಗ ವಿಶ್ರಾಂತಿ. ಕಪಾಟಿನ ಮುಂದೆ ನಿಲ್ಲೋ ಮನುಷ್ಯನಿಗೆ ಒಂದು ಆಯತ, ಒಳಗೆ ‘ಆಪರೇಟರ್’ ಅನ್ನೋ ಪದ. ಅಷ್ಟೇ.

ಮಾವ: ಮೋಟಾರು ಸುಟ್ಟರೆ ಕಂಪನಿ ದುಡ್ಡು. ಭುಜ ಹೋದರೆ ಅವನ ಭುಜ.

ಸೊಸೆ: ನೀವು ಹೀಗೆ ಹೇಳಿದ್ರೆ ನಮ್ಮ ಮ್ಯಾನೇಜರ್‌ಗೆ ಕೋಪ ಬರುತ್ತೆ, ಆದ್ರೆ ಸುಳ್ಳು ಅನ್ನೋಕಾಗಲ್ಲ. ಅಮೆಜಾನ್‌ನವರ ಕಪಾಟಿನ ಎತ್ತರವನ್ನೇ ತಗೊಳ್ಳಿ. ಒಂದೇ ರೋಬೋ ಹೆಚ್ಚು ಸರಕು ಹೊರಲಿ ಅಂತ ಎಂಟು ಅಡಿ ತನಕ ಏರಿಸಿದ್ರು. ಲೆಕ್ಕಕ್ಕೆ ಬಹಳ ಚೆಂದ. ಮೇಲಿನ ಸಾಲಿಗೆ ಮೆಟ್ಟಿಲು ಹತ್ತಬೇಕು, ಕೆಳಗಿನದಕ್ಕೆ ಕೂರಬೇಕು. ಹತ್ತಿ ಇಳಿಯೋನಿಗೆ ಆ ಎತ್ತರ ಆರಿಸೋ ಸಭೆಯಲ್ಲಿ ಕುರ್ಚಿ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಅಮೆಜಾನ್ ಒಂದು ಹೊಸ ತೋಳು ತೋರಿಸಿತು, ವಲ್ಕನ್ ಅಂತ. ಅದಕ್ಕೆ ಸ್ಪರ್ಶಜ್ಞಾನ ಇದೆ, ಎಷ್ಟು ಒತ್ತಿದೀನಿ ಅಂತ ತಿಳಿಯುತ್ತೆ. ಅದಕ್ಕೆ ಕೊಟ್ಟ ಕೆಲಸ ಯಾವುದು ಗೊತ್ತಾ? ಕಪಾಟಿನ ಅತಿ ಮೇಲಿನ ಸಾಲು, ಅತಿ ಕೆಳಗಿನ ಸಾಲು. ನಡುವಿನ ಸಾಲುಗಳು, ಎದೆಯಿಂದ ಸೊಂಟದ ತನಕ ಇರೋವು, ಮನುಷ್ಯನಿಗೆ. ಗೆರೆಯನ್ನ ಸರಿಯಾದ ಕಡೆ ಎಳೆದ್ರು ಅನ್ನಬೇಕು. ಕಿವಾ ಕೊಂಡು ಹದಿಮೂರು ವರ್ಷ ಆದ ಮೇಲೆ.

ಮಾವ: ತೋಳು ಬರೋ ತನಕ ಕಾಯೋ ಬದಲು ಆ ಎರಡು ಸಾಲು ಖಾಲಿ ಬಿಟ್ಟಿದ್ರೆ?

ಸೊಸೆ: ಇನ್ನಷ್ಟು ಕಪಾಟು, ಇನ್ನಷ್ಟು ರೋಬೋ, ದೊಡ್ಡ ಕಟ್ಟಡ ಬೇಕಾಗ್ತಿತ್ತು. ಬೇಡ ಅನ್ನಿಸಿತು ಅವರಿಗೆ. ನಾನೀಗ ನಮ್ಮಲ್ಲಿ ಹಟ ಹಿಡಿದಿರೋದು ಇಷ್ಟೇ: ರೋಬೋದ ವೇಗಕ್ಕೆ ಮಿತಿ ಬರೆಯೋ ಪುಟದಲ್ಲೇ ಮನುಷ್ಯನ ಕೈಗೂ ಒಂದು ಮಿತಿ ಬರೀರಿ. ಗಂಟೆಗೆ ಎಷ್ಟು, ಯಾವ ಎತ್ತರದಿಂದ, ಎಷ್ಟು ಹೊತ್ತಿಗೊಮ್ಮೆ ಜಾಗ ಬದಲು. ಕಪಾಟು ಬರೋ ವೇಗ ನಮ್ಮ ಸಾಫ್ಟ್‌ವೇರ್ ಕೈಯಲ್ಲೇ ಇದೆ, ನಿಧಾನ ಮಾಡೋಕೆ ಒಂದು ಸಾಲು ಕೋಡು ಸಾಕು.

ಮಾವ: ಒಪ್ಪಿದ್ರಾ?

ಸೊಸೆ: ಎತ್ತರಕ್ಕೆ ಒಪ್ಪಿದ್ರು. ಗಂಟೆಗೆ ಎಷ್ಟು ಅನ್ನೋದನ್ನ ‘ಗ್ರಾಹಕರಿಗೆ ಬಿಟ್ಟದ್ದು’ ಅಂತ ಬರೆದ್ರು.

ಮಾವ: ಗ್ರಾಹಕ ಅಂದ್ರೆ ನಾನು! ಚೆನ್ನಾಗಿದೆ. ಈಗ ಹೇಳು, ಈ ಕೊಟೇಶನ್ ಏನು ಮಾಡಲಿ?

ಸೊಸೆ: ಮೊದಲು ಒಂದು ಕೇಳ್ತೀನಿ. ನಿಮ್ಮ ಪಿಕ್ ಲಿಸ್ಟ್ ಯಾವ ಕ್ರಮದಲ್ಲಿ ಪ್ರಿಂಟ್ ಆಗುತ್ತೆ?

ಮಾವ: ಬಿಲ್ಲಿಂಗ್ ಸಾಫ್ಟ್‌ವೇರ್ ಹೇಗೆ ಕೊಡುತ್ತೋ ಹಾಗೆ. ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ.

ಸೊಸೆ: ರ‍್ಯಾಕ್‌ಗಳು?

ಮಾವ: ಕಂಪನಿವಾರು ಜೋಡಿಸಿದೀವಿ.

ಸೊಸೆ: ಅಂದ್ರೆ ‘ಎ’ಗೆ ಒಂದು ಮೂಲೆ, ‘ಬಿ’ಗೆ ಇನ್ನೊಂದು ಮೂಲೆ. ನಿಮ್ಮ ಹುಡುಗರನ್ನ ಸಾಫ್ಟ್‌ವೇರೇ ಗೋದಾಮು ತುಂಬ ಓಡಾಡಿಸ್ತಾ ಇದೆ. ದಿನಾ ಹೋಗೋ ಜ್ವರದ ಮಾತ್ರೆ ಎಲ್ಲಿದೆ?

ಮಾವ: ಹಿಂದಿನ ಗೋಡೆಗೆ. ಜಾಗ ಅಲ್ಲೇ ಇತ್ತು.

ಸೊಸೆ: ಕಿವಾದಲ್ಲಿ ಹೆಚ್ಚು ಬೇಡಿಕೆಯ ಕಪಾಟು ತಾನಾಗೇ ಮುಂದಕ್ಕೆ ಬಂದು ನಿಲ್ತಾ ಹೋಗುತ್ತೆ, ಬೇಡದ್ದು ಹಿಂದಕ್ಕೆ ಸರಿಯುತ್ತೆ. ನೀವು ಅದನ್ನ ಒಂದು ಭಾನುವಾರ ಹುಡುಗರಿಗೆ ಊಟ ಹಾಕಿಸಿ ಮಾಡಬಹುದು. ಹೆಚ್ಚು ಹೋಗೋ ಐಟಂ ಪ್ಯಾಕಿಂಗ್ ಟೇಬಲ್ ಪಕ್ಕ, ಸೊಂಟದಿಂದ ಎದೆ ಎತ್ತರದೊಳಗೆ. ಪಿಕ್ ಲಿಸ್ಟ್ ರ‍್ಯಾಕ್ ನಂಬರಿನ ಕ್ರಮದಲ್ಲಿ ಬರೋ ಹಾಗೆ ಸಾಫ್ಟ್‌ವೇರಿನವರಿಗೆ ಹೇಳಿ. ಈ ಕೊಟೇಶನ್ನಿನ ಜಿಎಸ್‌ಟಿ ಮೊತ್ತದಷ್ಟೂ ಖರ್ಚಾಗಲ್ಲ. ರೋಬೋ ಈ ವರ್ಷ ಬೇಡ. ಮುಂದಿನ ದೀಪಾವಳಿಗೆ ಆರ್ಡರ್ ಹೆಚ್ಚಾಗಿ, ನಡಿಗೆ ಇನ್ನೂ ಅಷ್ಟೇ ಇದ್ರೆ, ಟ್ರೇ ಹೊರೋ ಜಾತಿಯದ್ದು ಎರಡು ತಿಂಗಳ ಬಾಡಿಗೆಗೆ ತಗೊಳ್ಳಿ. ಕಪಾಟು ಹೊರೋದು ನಿಮ್ಮ ಕಟ್ಟಡಕ್ಕೆ ಯಾವತ್ತೂ ಬೇಡ.